ತೀರವೆಂಬುದು ಗೆರೆಯಲ್ಲ

ಭೂಪಟದಲ್ಲಿ ಸಮುದ್ರತೀರವನ್ನು ಒಂದು ಗೆರೆಯಾಗಿ ಎಳೆದಿರುತ್ತಾರೆ. ಗೆರೆಯ ಒಂದು ಪಕ್ಕಕ್ಕೆ ನೀಲಿ, ಇನ್ನೊಂದು ಪಕ್ಕಕ್ಕೆ ಹಸುರು. ಭೂಗೋಳದ ಪಾಠವನ್ನು ಕಲಿಯುವಾಗ ನಾವೆಲ್ಲರೂ ಈ ಗೆರೆಯನ್ನು ಪೆನ್ಸಿಲಿನಿಂದ ತಿದ್ದಿದವರೇ. ಹಾಗೆ ತಿದ್ದುತ್ತಿರುವಾಗ, ನೆಲ ಇಲ್ಲಿಗೆ ಮುಗಿಯಿತು, ಕಡಲು ಇಲ್ಲಿಂದ ಮೊದಲಾಯಿತು ಎಂಬ ನಂಬಿಕೆಯೊಂದು ನಮಗರಿವಿಲ್ಲದೆಯೇ ಮನಸ್ಸಿನಲ್ಲಿ ಬೇರೂರುತ್ತದೆ. ಈ ನಂಬಿಕೆಯು ತಪ್ಪೆಂದೂ, ಅದನ್ನು ನೆಚ್ಚಿ ಮನೆ, ರಸ್ತೆ, ಬಂದರುಗಳನ್ನು ಕಟ್ಟುವವರಿಗೆ ಅಪಾಯಕರವೆಂದೂ ನಾವು ತಿಳಿಯುತ್ತೇವೆ. ಅದನ್ನು ತಿದ್ದಿಕೊಳ್ಳಬೇಕೆನ್ನುವವರಿಗೆ ಉತ್ತರ ಯೂರೋಪಿನ ಕರಾವಳಿಯಷ್ಟು ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಡೆನ್ಮಾರ್ಕ್, ಜರ್ಮನಿ, ನೆದರ್‌ಲೆಂಡ್ಸ್ ದೇಶಗಳ ತೀರಗಳಿಗೆ ಪ್ರತಿವರ್ಷವೂ ಲಕ್ಷಾಂತರ ಪ್ರವಾಸಿಗಳು ಹೋಗುತ್ತಾರೆ. ಕಡಿದಾದ ಬಂಡೆಗಳ ನಡುವಣ ನೀರು, ಬೇಸಗೆಯ ಮುಗಿಯದ ಸಂಜೆ, ಮರಳಿನ ದಿಣ್ಣೆ, ಕಡಲಹಕ್ಕಿಗಳ ಹಿಂಡು ಇವನ್ನೆಲ್ಲ ಕಣ್ತುಂಬ ನೋಡಿ ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ಚೆಲುವನ್ನು ನೋಡುವುದು ತಪ್ಪಲ್ಲ. ಆದರೆ ಆ ಚೆಲುವು ಹೇಗೆ ಉಂಟಾಯಿತು, ಈಗ ಯಾವ ಕಡೆಗೆ ಸಾಗುತ್ತಿದೆ ಎಂಬ ಪ್ರಶ್ನೆಯನ್ನು ಕೇಳದೆ ಬಂದವರು ಪುಸ್ತಕದ ರಟ್ಟನ್ನು ಮಾತ್ರ ನೋಡಿ ಬಂದವರಂತೆ. ನಾವು ಈ ಲೇಖನದಲ್ಲಿ ಆ ಪುಸ್ತಕದ ಕೆಲವು ಪುಟಗಳನ್ನು ತಿರುವಿ ನೋಡೋಣ.

ಮೊದಲು ನಾರ್ವೆಯ ಪಶ್ಚಿಮ ತೀರ. ಅಲ್ಲಿನ ಸೋಗ್ನೆ ಫ್ಯೋರ್ಡ್ ಎಂಬ ಕಡಲ ತೋಳು ಒಳನಾಡಿಗೆ ೨೦೦ ಕಿಲೋಮೀಟರಿಗೂ ಹೆಚ್ಚು ದೂರ ಚಾಚಿಕೊಂಡಿದೆ. ಅದರ ಅತ್ಯಂತ ಆಳವಾದ ಎಡೆ ಸುಮಾರು ೧,೩೦೦ ಮೀಟರ್. ಆಶ್ಚರ್ಯದ ಸಂಗತಿಯೆಂದರೆ, ಈ ಆಳವು ಇರುವುದು ಒಳಭಾಗದಲ್ಲಿ. ಫ್ಯೋರ್ಡು ಹೊರಗಡಲನ್ನು ಸೇರುವ ಬಾಯಿಯ ಬಳಿಯಲ್ಲಿ ಆಳ ೨೦೦ ಮೀಟರಿಗಿಂತಲೂ ಕಡಮೆ. ನದಿಯು ಕೊರೆದ ಕಣಿವೆ ಕಡಲಿನ ಕಡೆಗೆ ಇಳಿಯುತ್ತ ಹೋಗಬೇಕಲ್ಲದೆ ಹೀಗೆ ಏರಲಾರದು. ಇದನ್ನು ಕೊರೆದದ್ದು ನದಿಯಲ್ಲ, ಹಿಮ. ಹಿಮಯುಗಗಳಲ್ಲಿ ಒಳನಾಡಿನಿಂದ ಜಾರಿ ಬಂದ ಹಿಮನದಿಗಳು ಹಳೆಯ ನದೀಕಣಿವೆಗಳನ್ನು ಉಜ್ಜಿ, ಅಗೆದು, ತೊಟ್ಟಿಯಂತೆ ಮಾಡಿದುವು. ತೀರವನ್ನು ಸಮೀಪಿಸುತ್ತಲೇ ಹಿಮವು ಅಗಲವಾಗಿ ಹರಡಿ ತೆಳುವಾಗಿ ತನ್ನ ಕೊರೆಯುವ ಶಕ್ತಿಯನ್ನು ಕಳೆದುಕೊಂಡಿತು. ಆದುದರಿಂದಲೇ ಬಾಯಿಯಲ್ಲಿ ಹೊಸ್ತಿಲು ಉಳಿಯಿತು. ಹಿಮವು ಕರಗಿದ ಮೇಲೆ ಕಡಲು ಈ ತೊಟ್ಟಿಯೊಳಕ್ಕೆ ನುಗ್ಗಿತು. ಪ್ರವಾಸಿಯ ಹಡಗು ತೇಲುವುದು ಹಿಮನದಿಯೊಂದು ಬಿಟ್ಟುಹೋದ ಹಾಸಿಗೆಯ ಮೇಲೆ.

ಇನ್ನು ಪೂರ್ವಕ್ಕೆ, ಸ್ವೀಡನ್ನಿಗೂ ಫಿನ್‌ಲೆಂಡಿಗೂ ನಡುವೆ ಇರುವ ಬೋತ್ನಿಯ ಕೊಲ್ಲಿಗೆ ಬರೋಣ. ಸ್ವೀಡನ್ನಿನ ದಡದಲ್ಲಿ ‘ಎತ್ತರದ ತೀರ’ ಎಂಬ ಅರ್ಥದ ಹೆಸರುಳ್ಳ ಹೋಗಾ ಕುಸ್ಟೆನ್ ಎಂಬ ಪ್ರದೇಶವಿದೆ. ಅಲ್ಲಿ ಸ್ಕೂಲೆ ಎಂಬ ಬೆಟ್ಟವೊಂದುಂಟು. ಎತ್ತರ ೨೯೫ ಮೀಟರ್. ಅದರ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕಾಡು ಬೆಳೆದಿದೆ. ಟೊಪ್ಪಿಗೆಯ ಕೆಳಗೆ ಬರಿಯ ಬಂಡೆ. ಈ ಎರಡಕ್ಕೂ ನಡುವಣ ಎಲ್ಲೆಯೇ ಹಳೆಯ ಕಡಲತೀರ. ಸುಮಾರು ೧೦,೫೦೦ ವರ್ಷಗಳ ಹಿಂದೆ ಹಿಮದ ಹೊದಿಕೆಯು ಇಲ್ಲಿಂದ ಸರಿದಾಗ ಬೆಟ್ಟದ ನೆತ್ತಿ ಮಾತ್ರ ನೀರಿನ ಮೇಲೆ ಸಣ್ಣ ದ್ವೀಪವಾಗಿ ತಲೆಯೆತ್ತಿತ್ತು. ನೆಲವು ಏರುತ್ತ ಬಂದಂತೆ ಕೆಳಗಿನ ಇಳಿಜಾರಿನ ಮಣ್ಣನ್ನೆಲ್ಲ ಅಲೆಗಳು ತೊಳೆದುಕೊಂಡು ಹೋದುವು; ನೆತ್ತಿಯ ಮಣ್ಣು ಮಾತ್ರ ಉಳಿದು ಮರಗಳಿಗೆ ಆಸರೆಯಾಯಿತು. ಆ ಹಳೆಯ ತೀರರೇಖೆ ಇಂದು ಸಮುದ್ರಮಟ್ಟದಿಂದ ೨೮೬ ಮೀಟರ್ ಎತ್ತರದಲ್ಲಿದೆ. ಪ್ರವಾಸಿಯು ಬೆಟ್ಟವನ್ನು ಹತ್ತಿ ಬೆವರೊರೆಸಿಕೊಳ್ಳುವ ಎಡೆಯಲ್ಲಿ ಒಮ್ಮೆ ಅಲೆಗಳು ಹೊಡೆಯುತ್ತಿದ್ದುವು!

ನೆಲದ ಈ ಏರಿಕೆ ಮುಗಿದ ಕಥೆಯಲ್ಲ. ಇಂದಿಗೂ ಇಲ್ಲಿನ ನೆಲ ವರ್ಷಕ್ಕೆ ಸುಮಾರು ೮ ಮಿಲಿಮೀಟರಿನಂತೆ ಏರುತ್ತಿದೆ. ಎದುರು ದಡದಲ್ಲಿ, ಫಿನ್‌ಲೆಂಡಿನ ಕ್ವಾರ್ಕೆನ್ ದ್ವೀಪಸ್ತೋಮದಲ್ಲಿ, ತಳವು ತೀರ ಸಮತಟ್ಟಾಗಿರುವುದರಿಂದ ಈ ಅಲ್ಪ ಏರಿಕೆಯೇ ಪ್ರತಿವರ್ಷವೂ ಸುಮಾರು ಒಂದು ಚದರ ಕಿಲೋಮೀಟರ್ ಹೊಸ ನೆಲವನ್ನು ನೀರಿನಿಂದ ಮೇಲಕ್ಕೆ ತರುತ್ತದೆ. ತಾತನು ದೋಣಿ ಕಟ್ಟುತ್ತಿದ್ದ ಕಡೆ ಮೊಮ್ಮಗನು ಹುಲ್ಲು ಕೊಯ್ಯುತ್ತಾನೆ. ಯುನೆಸ್ಕೊ ಸಂಸ್ಥೆಯು ೨೦೦೦ದಲ್ಲಿ ಹೋಗಾ ಕುಸ್ಟೆನ್ ಪ್ರದೇಶವನ್ನೂ, ೨೦೦೬ರಲ್ಲಿ ಅದರ ಜತೆಗೆ ಕ್ವಾರ್ಕೆನ್ ದ್ವೀಪಗಳನ್ನೂ ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಇನ್ನೂ ಉತ್ತರದ ಲೂಲಿಯೋ ಎಂಬ ಊರಿನ ಚರಿತ್ರೆಯನ್ನು ನೋಡಿರಿ. ೧೬೨೧ರಲ್ಲಿ ಪಟ್ಟಣವೆನಿಸಿದ ಆ ಊರಿನ ಬಂದರು ಹಡಗುಗಳಿಗೆ ಸಾಲದಷ್ಟು ಆಳಗೆಟ್ಟಿತು. ೧೬೪೯ರಲ್ಲಿ ಇಡೀ ಪಟ್ಟಣವನ್ನೇ ಕಡಲಿನ ಕಡೆಗೆ ಸಾಗಿಸಬೇಕಾಯಿತು. ಹಳೆಯ ಊರು ತನ್ನ ಇಗರ್ಜಿಯೊಡನೆ ಇಂದು ಒಳನಾಡಿನಲ್ಲಿ ಉಳಿದುಕೊಂಡಿದೆ.

ಈ ಸಂಗತಿಯ ಕಾರಣವನ್ನು ಕಂಡುಹಿಡಿಯಲು ವಿದ್ವಾಂಸರಿಗೆ ಹಿಡಿದ ಕಾಲ ಸ್ವಲ್ಪವಲ್ಲ. ಉಷ್ಣಮಾಪಕದಿಂದ ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ಆಂಡರ್ಸ್ ಸೆಲ್ಸಿಯಸನು ಇದಕ್ಕೆ ಮೊದಲು ಕೈಹಾಕಿದವರಲ್ಲಿ ಒಬ್ಬ. ನೀರಿನಿಂದ ತುಸುವೇ ಮೇಲೆ ಇರುವ ಬಂಡೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಬಂದು ಮಲಗುವುದುಂಟು. ಅಂಥ ಬಂಡೆಗಳು ಬೇಟೆಗಾರರಿಗೆ ಆಸ್ತಿ. ಆದುದರಿಂದ ಅವುಗಳ ಹಕ್ಕುಪತ್ರಗಳು ಬರವಣಿಗೆಯಲ್ಲಿ ಇದ್ದುವು. ಹಿಂದಿನವರ ಕಾಲದಲ್ಲಿ ಸೀಲುಗಳು ಹತ್ತುತ್ತಿದ್ದ ಬಂಡೆಗಳು ತನ್ನ ಕಾಲಕ್ಕೆ ಅವು ಹತ್ತಲಾರದಷ್ಟು ಎತ್ತರವಾಗಿದ್ದುದನ್ನು ಸೆಲ್ಸಿಯಸನು ಗಮನಿಸಿದನು. ೧೭೩೧ರಲ್ಲಿ ಯೇವ್ಲೆ ನಗರದ ಹೊರಗಣ ದ್ವೀಪವೊಂದರ ಬಂಡೆಯಲ್ಲಿ ಅಂದಿನ ನೀರಿನ ಮಟ್ಟಕ್ಕೆ ಗುರುತನ್ನು ಕೆತ್ತಿಸಿದನು. ಆ ಗುರುತು ಇಂದು ನೀರಿನಿಂದ ಸುಮಾರು ೨ ಮೀಟರ್ ಮೇಲಿದೆ. ನೆಲವೇ ಏರುತ್ತಿದೆಯೆಂದು ಅವನಿಗೆ ತೋರಲಿಲ್ಲ. ಕಡಲಿನ ನೀರೇ ಕಡಮೆಯಾಗುತ್ತಿದೆಯೆಂದು ಅವನು ಬಗೆದನು. ಅವನ ವಿವರಣೆ ನಿಲ್ಲಲಿಲ್ಲ. ಅವನ ಗುರುತು ನಿಂತಿತು. ಅಳತೆಯು ಅಭಿಪ್ರಾಯಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ನೆನಪಿಡತಕ್ಕದ್ದು.

ಮುಂದೆ ೧೮೩೪ರಲ್ಲಿ ಬ್ರಿಟನ್ನಿನ ಪ್ರಸಿದ್ಧ ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಸ್ವೀಡನ್ನಿಗೆ ಹೋದನು. ಭೂಕಂಪಗಳಿಲ್ಲದ ಶಾಂತವಾದ ನಾಡಿನಲ್ಲಿ ನೆಲವು ಏರುವುದೆಂದರೆ ಅವನಿಗೆ ನಂಬುಗೆ ಇರಲಿಲ್ಲ. ಗುರುತುಗಳನ್ನೂ ಚಿಪ್ಪುಗಳ ಪದರಗಳನ್ನೂ ತಾನೇ ಪರೀಕ್ಷಿಸಿದ ಮೇಲೆ ನಂಬಿದನು. ನಂಬಿದುದನ್ನು ಬಹಿರಂಗವಾಗಿ ಪ್ರಕಟಿಸಿದನು. ೧೮೬೫ರಲ್ಲಿ ಸ್ಕಾಟ್‌ಲೆಂಡಿನ ಥಾಮಸ್ ಜೇಮಿಸನ್ ಸರಿಯಾದ ಕಾರಣವನ್ನು ಸೂಚಿಸಿದನು: ಹಿಂದೆ ಮಹಾಹಿಮದ ಭಾರವು ನೆಲವನ್ನು ಅದುಮಿತ್ತು, ಭಾರ ತೊಲಗಿದ ಮೇಲೆ ನೆಲ ಮೇಲೇಳುತ್ತಿದೆ.

ಹಿಮವು ಅತಿ ದಪ್ಪವಾಗಿದ್ದ ಕಡೆ ಅದರ ಎತ್ತರ ಸುಮಾರು ೩ ಕಿಲೋಮೀಟರ್ ಇತ್ತೆಂದು ಇಂದು ಅಂದಾಜು ಮಾಡುತ್ತಾರೆ. ಅಷ್ಟು ಭಾರದ ಕೆಳಗೆ ಭೂಮಿಯ ತೊಗಟೆ ತಗ್ಗಿತು. ಅದರ ಅಡಿಯ ಶಿಲೆ, ಗಟ್ಟಿಯಾದುದೇ ಆದರೂ, ಸಾವಿರಾರು ವರ್ಷಗಳ ಅವಧಿಯಲ್ಲಿ ಬಹು ಮಂದವಾದ ದ್ರವದಂತೆ ಪಕ್ಕಕ್ಕೆ ಸರಿಯಿತು. ಪಕ್ಕಕ್ಕೆ ಸರಿದದ್ದು ಹಿಮದ ಅಂಚಿನ ಆಚೆಗೆ, ದಕ್ಷಿಣದಲ್ಲಿ, ನೆಲವನ್ನು ತುಸು ಉಬ್ಬಿಸಿತು. ಹಿಮವು ಹೋದ ಮೇಲೆ ಈ ಶಿಲೆ ನಿಧಾನವಾಗಿ ಹಿಂದಕ್ಕೆ ಹರಿಯುತ್ತಿದೆ. ಉತ್ತರದಲ್ಲಿ ನೆಲ ಏರುತ್ತದೆ. ಅದಕ್ಕೆ ಪ್ರತಿಯಾಗಿ ದಕ್ಷಿಣದಲ್ಲಿ, ನೆದರ್‌ಲೆಂಡ್ಸಿನ ಕಡೆ, ಉಬ್ಬಿದ್ದ ನೆಲ ಮೆಲ್ಲಮೆಲ್ಲನೆ ಇಳಿಯುತ್ತದೆ. ಉತ್ತರ ಯೂರೋಪಿನ ಕರಾವಳಿಯೆಲ್ಲವೂ ಒಂದು ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ನಿಂತವನಿಗೆ ಕಡಲು ಹಿಂದೆಗೆಯುತ್ತಿರುವಂತೆಯೂ, ಇನ್ನೊಂದರಲ್ಲಿ ನಿಂತವನಿಗೆ ಮೇಲೆ ಬೀಳುತ್ತಿರುವಂತೆಯೂ ಕಾಣುತ್ತದೆ.

ಆ ಇನ್ನೊಂದು ತಟ್ಟೆಗೆ ಈಗ ಹೋಗೋಣ. ನೆದರ್‌ಲೆಂಡ್ಸಿನಿಂದ ಜರ್ಮನಿಯ ಮೂಲಕ ಡೆನ್ಮಾರ್ಕಿನ ವರೆಗೆ ಸುಮಾರು ೫೦೦ ಕಿಲೋಮೀಟರ್ ಉದ್ದಕ್ಕೆ ವಾಡನ್ ಸಮುದ್ರವು ಹಬ್ಬಿದೆ. ಇದನ್ನು ಸಮುದ್ರವೆನ್ನಬೇಕೊ ನೆಲವೆನ್ನಬೇಕೊ ಎಂಬುದು ಗಡಿಯಾರವನ್ನು ನೋಡಿ ಹೇಳಬೇಕಾದ ಮಾತು. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ದೋಣಿ ಓಡುತ್ತದೆ. ಇಳಿತವಾದಾಗ ಅದೇ ಎಡೆಯಲ್ಲಿ ಜನರು ಕೆಸರು ತುಳಿಯುತ್ತ, ದಾರಿ ಬಲ್ಲವರ ಹಿಂದೆ, ದ್ವೀಪದ ವರೆಗೆ ನಡೆದುಹೋಗುತ್ತಾರೆ. ಕಣ್ಣಿಗೆ ಬರಿಯ ಕೆಸರಾಗಿ ಕಾಣುವ ಈ ಬಯಲಿನಲ್ಲಿ ಹುಳು, ಚಿಪ್ಪುಪ್ರಾಣಿ, ಸೀಗಡಿಗಳು ತುಂಬಿಕೊಂಡಿವೆ. ಆರ್ಕ್ಟಿಕ್ ಪ್ರದೇಶಕ್ಕೂ ಆಫ್ರಿಕಕ್ಕೂ ನಡುವೆ ಹಾರುವ ಹಕ್ಕಿಗಳಿಗೆ ಇದೇ ಛತ್ರ. ಪ್ರತಿವರ್ಷ ಒಂದು ಕೋಟಿಗೂ ಮೇಲ್ಪಟ್ಟು ಹಕ್ಕಿಗಳು ಇಲ್ಲಿ ಇಳಿದು ಹೋಗುತ್ತವೆ. ಮೂರು ದೇಶಗಳ ಸರಕಾರಗಳು ೧೯೭೮ರಿಂದ ಇದರ ವಿಷಯವಾಗಿ ಒಟ್ಟಿಗೆ ಕುಳಿತು ಆಲೋಚಿಸುತ್ತಿವೆ. ೨೦೦೯ರಲ್ಲಿ ಡಚ್ಚರ ಮತ್ತು ಜರ್ಮನರ ಭಾಗಗಳೂ, ೨೦೧೪ರಲ್ಲಿ ಡೆನ್ಮಾರ್ಕಿನ ಭಾಗವೂ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಹಕ್ಕಿಗಳಿಗೆ ದೇಶಗಳ ಎಲ್ಲೆ ಇಲ್ಲವೆಂಬುದನ್ನು ಮನುಷ್ಯರು ಒಪ್ಪಿಕೊಂಡಂತಾಯಿತು.

ಇದೇ ಕಡಲು ಕೊಲ್ಲಲೂ ಬಲ್ಲುದು. ೧೯೫೩ರ ಜನವರಿ ೩೧ರ ರಾತ್ರಿ ವಾಯವ್ಯದ ಬಿರುಗಾಳಿಯೂ ಹುಣ್ಣಿಮೆಯ ದೊಡ್ಡ ಉಬ್ಬರವೂ ಒಂದಾಗಿ ಉತ್ತರ ಸಮುದ್ರದ ನೀರು ದಕ್ಷಿಣದ ಕಿರಿದಾದ ಮೂಲೆಯಲ್ಲಿ ರಾಶಿಬಿದ್ದಿತು. ನೈಋತ್ಯ ನೆದರ್‌ಲೆಂಡ್ಸಿನ ಒಡ್ಡುಗಳು ಒಡೆದುವು. ಆ ದೇಶವೊಂದರಲ್ಲೇ ೧,೮೩೬ ಜನರು ಸತ್ತರು. ಇಂಗ್ಲೆಂಡಿನ ಪೂರ್ವತೀರದಲ್ಲಿ ೩೦೦ಕ್ಕೂ ಹೆಚ್ಚು ಮಂದಿ. ದೇಶದ ಕಾಲು ಭಾಗದಷ್ಟು ನೆಲ ಕಡಲಮಟ್ಟಕ್ಕಿಂತ ಕೆಳಗೆ ಇರುವ ಜನರಿಗೆ ಗೋಡೆಯೇ ಪ್ರಾಣ. ಅಳಿವೆಗಳ ಬಾಯಿಗಳನ್ನು ಒಂದೊಂದಾಗಿ ಅಣೆಕಟ್ಟುಗಳಿಂದ ಮುಚ್ಚಿಬಿಡಬೇಕೆಂದು ಅವರು ನಿಶ್ಚಯಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಮುಚ್ಚಿದ ನೀರು ಬೇರೆಯೇ ನೀರಾಗುತ್ತದೆ. ೧೯೭೧ರಲ್ಲಿ ಮುಚ್ಚಿದ ಗ್ರೇವಲಿಂಗೆನ್ ಅಳಿವೆಯು ಉಬ್ಬರವಿಳಿತಗಳಿಲ್ಲದ ಸರೋವರವಾಯಿತು. ಅದರ ಆಳದ ನೀರಿನಲ್ಲಿ ಆಮ್ಲಜನಕದ ಕೊರತೆ ಉಂಟಾಗಿ ತಳದ ಜೀವಿಗಳು ಸೊರಗಿದುವು. ಮುಂದಿನ ಸರದಿ ಓಸ್ಟರ್‌ಸ್ಖೆಲ್ಡೆ ಅಳಿವೆಯದು. ಚಿಪ್ಪು ಸಾಕುವವರೂ ಬೆಸ್ತರೂ ಜೀವವಿಜ್ಞಾನಿಗಳೂ ಒಟ್ಟಾಗಿ ವಿರೋಧಿಸಿದರು. ದೀರ್ಘವಾದ ವಾದದ ಬಳಿಕ ೧೯೭೬ರಲ್ಲಿ ಯೋಜನೆಯನ್ನೇ ಬದಲಾಯಿಸಲಾಯಿತು. ೧೯೮೬ರಲ್ಲಿ ಪೂರ್ತಿಯಾದ ಕಟ್ಟಡದಲ್ಲಿ ೬೨ ಉಕ್ಕಿನ ಬಾಗಿಲುಗಳಿವೆ. ಸಾಮಾನ್ಯ ದಿನಗಳಲ್ಲಿ ಅವು ಮೇಲೆತ್ತಿಯೇ ಇರುತ್ತವೆ. ಉಬ್ಬರವು ಒಳಗೆ ಬಂದು ಹೋಗುತ್ತದೆ. ಬಿರುಗಾಳಿಯಲ್ಲಿ ನೀರು ೩ ಮೀಟರ್ ಏರೀತೆಂಬ ಸೂಚನೆ ಬಂದರೆ ಮಾತ್ರ ಬಾಗಿಲುಗಳನ್ನು ಇಳಿಸುತ್ತಾರೆ. ಇಷ್ಟು ಜಾಣತನಕ್ಕೂ ಬೆಲೆ ತೆರಬೇಕಾಗಿದೆ: ನೀರಿನ ಸೆಳೆತ ಕುಂದಿದುದರಿಂದ ಮರಳು ದಿಬ್ಬಗಳಿಗೆ ಹಿಂದಿನಂತೆ ಮರಳಿ ಬರುವುದಿಲ್ಲ, ಕೆಸರುಬಯಲುಗಳು ಸವೆಯುತ್ತಿವೆ. ಅಲ್ಲಿನವರು ಇದನ್ನು ‘ಮರಳಿನ ಹಸಿವು’ ಎನ್ನುತ್ತಾರೆ. ಹೀಗಿದ್ದರೂ, ಗೋಡೆಗೆ ಬದಲಾಗಿ ಬಾಗಿಲನ್ನು ಆರಿಸಿಕೊಂಡ ಆ ತೀರ್ಮಾನವನ್ನು ನಾವು ಇಪ್ಪತ್ತನೆಯ ಶತಮಾನದ ದೊಡ್ಡ ತೀರ್ಮಾನಗಳಲ್ಲಿ ಒಂದೆಂದು ಭಾವಿಸುತ್ತೇವೆ. ಕಡಲನ್ನು ಶತ್ರುವೆಂದಷ್ಟೇ ನೋಡುತ್ತಿದ್ದ ಜನ, ಅದೂ ಅಷ್ಟೊಂದು ಸಾವುಗಳನ್ನು ಕಂಡ ಜನ, ಅದರ ನಡೆಗೆ ಎಡೆಗೊಟ್ಟರು.

ಡೆನ್ಮಾರ್ಕಿನ ಉತ್ತರ ತುದಿಯಲ್ಲಿ ಇನ್ನೊಂದು ಬಗೆಯ ಪಾಠವಿದೆ. ಸ್ಕಾಗೆನ್ನಿನ ಹಳೆಯ ಇಗರ್ಜಿಯನ್ನು ಗಾಳಿಗೆ ತೂರಿಬಂದ ಮರಳು ಮುಚ್ಚುತ್ತಲೇ ಬಂದು, ೧೭೯೫ರಲ್ಲಿ ಜನರು ಅದನ್ನು ಬಿಟ್ಟುಕೊಟ್ಟರು. ಇಂದು ಅದರ ಗೋಪುರವೊಂದೇ ಉಳಿದಿದೆ. ಮುಂದೆ ಹುಲ್ಲು, ಮರಗಳನ್ನು ನೆಟ್ಟು ಆ ನಾಡಿನ ಮರಳುದಿಣ್ಣೆಗಳನ್ನು ಹಿಡಿದುನಿಲ್ಲಿಸಿದರು. ಆದರೆ ರೋಬ್ಯೆರ್ಗ್ ಮೀಲೆ ಎಂಬ ಮಹಾದಿಣ್ಣೆಯನ್ನು ಮಾತ್ರ ಬೇಕೆಂದೇ ಅದರ ಪಾಡಿಗೆ ಬಿಟ್ಟಿದ್ದಾರೆ. ಅದು ವರ್ಷಕ್ಕೆ ಹದಿನೈದು ಮೀಟರಿಗೂ ಹೆಚ್ಚು ಪೂರ್ವಕ್ಕೆ ನಡೆಯುತ್ತಿದೆ. ಅಲ್ಲಿಂದ ನೈಋತ್ಯಕ್ಕೆ ರುಬ್ಯೆರ್ಗ್ ಕ್ನೂಡ್ ಎಂಬ ಕಡಿದಾದ ದಡದ ಮೇಲೆ ೧೯೦೦ರಲ್ಲಿ ದೀಪಸ್ತಂಭವೊಂದನ್ನು ಬೆಳಗಿಸಿದರು. ಕಡಲು ದಡವನ್ನು ಕೊರೆಯುತ್ತ ಸ್ತಂಭದ ಬುಡಕ್ಕೆ ಕೆಲವೇ ಮೀಟರುಗಳಷ್ಟು ಸಮೀಪಿಸಿದಾಗ, ೨೦೧೯ರ ಅಕ್ಟೋಬರ್ ೨೨ರಂದು, ಸುಮಾರು ೭೦೦ ಟನ್ ತೂಕದ ಆ ಕಟ್ಟಡವನ್ನು ಹಳಿಗಳ ಮೇಲೆ ಸುಮಾರು ೭೦ ಮೀಟರ್ ಒಳಕ್ಕೆ ಸರಿಸಿದರು. ದಡಕ್ಕೆ ಗೋಡೆ ಕಟ್ಟಲಿಲ್ಲ. ಕಟ್ಟಡವೇ ದಾರಿ ಬಿಟ್ಟಿತು. ಕಡಲು ಇನ್ನೂ ಕೊರೆಯುತ್ತದೆ; ಕೆಲವು ದಶಕಗಳ ಬಳಿಕ ಮತ್ತೆ ಅದೇ ಪ್ರಶ್ನೆ ಏಳುತ್ತದೆ. ಅದನ್ನು ತಿಳಿದೇ ಅವರು ಸರಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕಡಲಿಗೆ ಎಡೆಗೊಡಿರೆಂದು ಹೇಳುವುದು ಸುಲಭ. ದಡದಲ್ಲಿ ಗುಡಿಸಲು ಹಾಕಿಕೊಂಡ ಬಡವನಿಗೆ ಹಿಂದೆ ಸರಿಯಲು ನೆಲವೆಲ್ಲಿದೆ? ದೀಪಸ್ತಂಭವನ್ನು ಹಳಿಯ ಮೇಲೆ ಸರಿಸಲೂ ಉಕ್ಕಿನ ಬಾಗಿಲುಗಳನ್ನು ನಿಲ್ಲಿಸಲೂ ಸಿರಿವಂತ ದೇಶಗಳಿಗೆ ಸಾಧ್ಯವಲ್ಲದೆ ಉಳಿದವರಿಗೆ ಸಾಧ್ಯವೆ? ಈ ಆಕ್ಷೇಪಣೆಯಲ್ಲಿ ಬಹಳ ಸತ್ಯವಿದೆ. ಒಡ್ಡುಗಳೇ ಬೇಡವೆಂದು ನಾವು ಹೇಳುವುದಿಲ್ಲ. ೧೯೫೩ರ ರಾತ್ರಿಯನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ನಾವು ಹೇಳುವುದು ಇಷ್ಟೆ: ಎಲ್ಲಿ ತಡೆಯಬೇಕು, ಎಲ್ಲಿ ಬಾಗಿಲಿಡಬೇಕು, ಎಲ್ಲಿ ಸರಿಯಬೇಕು ಎಂಬುದನ್ನು ತೀರದ ನಡೆಯನ್ನು ಅಳೆದು ತಿಳಿದ ಮೇಲೆ ನಿರ್ಧರಿಸಬೇಕು. ಅಳತೆಗೆ ತಗಲುವ ಖರ್ಚು ಕಲ್ಲಿನ ಗೋಡೆಯ ಖರ್ಚಿಗಿಂತ ಬಹಳ ಕಡಮೆ. ಸ್ಟಾಕ್‌ಹೋಮಿನಲ್ಲಿ ೧೭೭೪ರಿಂದಲೂ ಕಡಲಮಟ್ಟವನ್ನು ಬರೆದಿಡುತ್ತ ಬಂದಿದ್ದಾರೆ. ಸಿರಿವಂತಿಕೆ ಬರುವುದಕ್ಕೆ ಬಹಳ ಮೊದಲೇ ಅವರಲ್ಲಿ ಆ ತಾಳ್ಮೆ ಇತ್ತು. ಹಿಂದೆ ಸರಿಯಬೇಕಾದ ಬಡವನಿಗೆ ನೆಲವನ್ನು ಕೊಡುವ ಹೊಣೆ ಸಮಾಜದ್ದು. ಅಳತೆ ಮೊದಲೇ ಕೈಯಲ್ಲಿದ್ದರೆ ಆ ಹೊಣೆಯನ್ನು ಮನೆ ಕೊಚ್ಚಿಹೋಗುವ ಮುನ್ನವೇ ನೆರವೇರಿಸಬಹುದು.

ಈ ತಾಳ್ಮೆಯ ಅವಶ್ಯಕತೆ ಈಗ ಇಮ್ಮಡಿಸಿದೆ. ಭೂಮಿಯು ಬಿಸಿಯಾಗುತ್ತಿರುವುದರಿಂದ ಸಮುದ್ರದ ನೀರು ಹಿಗ್ಗುತ್ತಿದೆ. ನೆಲದ ಮೇಲಣ ಹಿಮ ಕರಗಿ ಅದಕ್ಕೆ ಸೇರುತ್ತಿದೆ. ಉಪಗ್ರಹಗಳು ಅಳೆಯತೊಡಗಿದ ೧೯೯೩ರಿಂದೀಚೆಗೆ ಪ್ರಪಂಚದ ಕಡಲಮಟ್ಟವು ವರ್ಷಕ್ಕೆ ಸರಾಸರಿ ೩ ಮಿಲಿಮೀಟರಿಗೂ ಹೆಚ್ಚಾಗಿ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ. ನೆಲವು ವರ್ಷಕ್ಕೆ ೮ ಮಿಲಿಮೀಟರ್ ಏರುವ ಹೋಗಾ ಕುಸ್ಟೆನ್ನಿನಲ್ಲಿ ಈ ಏರಿಕೆ ಇನ್ನೂ ಸೋಲುತ್ತಿದೆ. ನೆಲವೇ ಇಳಿಯುತ್ತಿರುವ ನೆದರ್‌ಲೆಂಡ್ಸಿನಲ್ಲಿ ಎರಡೂ ಕೂಡಿ ಹೊರೆಯಾಗುತ್ತವೆ. ಒಂದೇ ಕಡಲು, ಒಂದೇ ಕಾರಣ. ಫಲ ಮಾತ್ರ ಊರೂರಿಗೆ ಬೇರೆ. ಆದುದರಿಂದ ಎಲ್ಲ ತೀರಗಳಿಗೂ ಒಂದೇ ಮದ್ದು ಎಂದು ಹೇಳುವವನು ವೈದ್ಯನಲ್ಲ.

ನಮ್ಮ ಕರಾವಳಿಯವರಿಗೆ ‘ಕಡಲ್ಕೊರೆತ’ ಎಂಬ ಮಾತು ಹೊಸದಲ್ಲ. ಉಳ್ಳಾಲದಂಥ ಕಡೆಗಳಲ್ಲಿ ಮಳೆಗಾಲ ಬಂತೆಂದರೆ ಅದು ಸುದ್ದಿಯಾಗುತ್ತದೆ. ಬಂಡೆಗಳನ್ನು ತಂದು ಸುರಿಯುವುದೂ ನಡೆಯುತ್ತದೆ. ಒಂದು ಕಡೆ ಮರಳಿನ ಓಟವನ್ನು ತಡೆದರೆ ಪಕ್ಕದ ದಡಕ್ಕೆ ಮರಳು ತಪ್ಪಿ, ಕೊರೆತವು ಅಲ್ಲಿಗೆ ಸಾಗುವುದುಂಟು ಎಂಬುದನ್ನು ಎಲ್ಲ ದೇಶಗಳ ತೀರಗಳೂ ತೋರಿಸಿವೆ. ಗೋಡೆಗೆ ಬದಲು ಬಾಗಿಲು ಎಂಬ ಯುಕ್ತಿಯನ್ನು ಡಚ್ಚರಿಂದಲೇ ಕಲಿಯಬೇಕಾಗಿಲ್ಲ. ಅಘನಾಶಿನಿಯ ಅಳಿವೆಯ ರೈತರು ಗಜನಿ ಗದ್ದೆಗಳಿಗೆ ಮಣ್ಣಿನ ಒಡ್ಡು ಹಾಕಿ, ಮರದ ತೂಬಿಟ್ಟು, ಉಪ್ಪುನೀರನ್ನು ತಕ್ಕ ಕಾಲಕ್ಕೆ ಬಿಟ್ಟು ತಡೆದು, ಕಗ್ಗ ಭತ್ತವನ್ನು ಬೆಳೆಯುತ್ತ ಬಂದವರೇ. ಆ ತಿಳಿವಳಿಕೆಯನ್ನು ಹಳೆಯ ಕಾಲದ್ದೆಂದು ಕಡೆಗಣಿಸಿದರೆ ನಷ್ಟ ನಮ್ಮದೇ.

ಕೊನೆಯದಾಗಿ ಪ್ರವಾಸಿಯ ವಿಷಯ. ನಾರ್ವೆಯ ಗೈರಾಂಗೆರ್ ಮತ್ತು ನೇರೋಯ್ ಫ್ಯೋರ್ಡುಗಳು ೨೦೦೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ಇಕ್ಕಟ್ಟಾದ ಕಣಿವೆಗಳಲ್ಲಿ ದೊಡ್ಡ ಪ್ರವಾಸಿ ಹಡಗುಗಳ ಹೊಗೆ ನಿಂತು, ನೋಡಲು ಬಂದವರೇ ನೋಟವನ್ನು ಕೆಡಿಸುವಂತಾಯಿತು. ವಿಶ್ವಪರಂಪರೆಯ ಫ್ಯೋರ್ಡುಗಳಲ್ಲಿ ೨೦೨೬ರೊಳಗೆ ಹೊಗೆಯುಗುಳುವ ಹಡಗುಗಳು ಓಡಕೂಡದೆಂದು ನಾರ್ವೆಯ ಸಂಸತ್ತು ೨೦೧೮ರಲ್ಲಿ ನಿರ್ಣಯಿಸಿತು. ಆದರೆ ತೀರ ದೊಡ್ಡ ಹಡಗುಗಳಿಗೆ ಆಮೇಲೆ ೨೦೩೨ರ ವರೆಗೆ ಅವಧಿ ದೊರೆಯಿತು. ಹೆಚ್ಚು ಹೊಗೆಯುಗುಳುವವರಿಗೇ ಹೆಚ್ಚು ಅವಧಿ ಸಿಕ್ಕಿದುದು ನಮಗೆ ಸರಿದೋರುವುದಿಲ್ಲ.

ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಆ ತೀರಗಳನ್ನು ನೋಡುವ ಅವಕಾಶವನ್ನು ಪಡೆದಾರು. ಬಹುಮಂದಿ ನೋಡಲಾರರು, ಅದಕ್ಕಾಗಿ ಕೊರಗಬೇಕಾದುದೂ ಇಲ್ಲ. ಸಮೀಪದ ಯಾವುದಾದರೂ ಕಡಲ ದಡ, ನದಿಯ ದಂಡೆ, ಕೆರೆಯ ಏರಿಯ ಬಳಿ ಅಲುಗದ ಬಂಡೆಯೊಂದನ್ನು ಹುಡುಕಿ, ನೀರಿನ ಮಟ್ಟಕ್ಕೆ ಗುರುತೊಂದನ್ನು ಹಾಕಿ, ದಿನಾಂಕವನ್ನು ಬರೆದಿಡಿರಿ. ಮುಂದಿನ ವರ್ಷ ಅದೇ ದಿನ ಹೋಗಿ ನೋಡಿರಿ. ಅದರ ಮುಂದಿನ ವರ್ಷವೂ ಹೋಗಿರಿ. ವರ್ಷಗಳು ಸೇರಿದಂತೆ ಆ ಪುಟವನ್ನು ಓದಬಲ್ಲವರು ನೀವೇ ಆಗುತ್ತೀರಿ.